ಕೆಂಪು ನೀರಿನ ಉಸಿರು

ಹೊಳೆಗೆ ಹೊಸ ನೀರು ಬಂದ ದಿನವೇ ಹೊಳೆಗೆ ಬೀಗ ಬೀಳುತ್ತಿತ್ತು.

ಹೊಳೆಬಸರಿಯಲ್ಲಿ ಮೂರು ಮಳೆಗಾಲಗಳಿಂದ ಹೀಗೇ ನಡೆದಿತ್ತು. ಖಾನಾಪುರದ ಕಡೆ ಮಳೆ ಹಿಡಿದು, ಮಲಪ್ರಭೆ ಕೆಮ್ಮಣ್ಣು ಕದಡಿಕೊಂಡು ಇಳಿದು ಬರುತ್ತಲೇ ದಂಡೆಯ ಕಾವಲು ಕಂಬದ ದೀಪ ಹಸಿರಿನಿಂದ ಕೆಂಪಿಗೆ ತಿರುಗುತ್ತಿತ್ತು. ದೀಪ ಕೆಂಪಾಯಿತೆಂದರೆ ದೋಣಿಗಳ ಮೋಟಾರುಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ಪೇಟೆಯ ತಕ್ಕಡಿಗಳಿಗೂ ಅದೇ ಸುದ್ದಿ ಹೋಗಿ, ಆ ಹೊಳೆಯ ಮೀನಿನ ಬುಟ್ಟಿಯನ್ನು ಅವು ತೂಗಲು ಒಪ್ಪುತ್ತಿರಲಿಲ್ಲ. ಮೀನು ಮೊಟ್ಟೆ ಇಡುವ ತಿಂಗಳು ಕಳೆದು ಬಲೆ ಹಾಕಲು ಅನುಮತಿ ಸಿಗುವ ಹೊತ್ತಿಗೂ ನೀರಿನ ಕೆಂಪು ಇಳಿದಿರುತ್ತಿರಲಿಲ್ಲ. ಹೀಗಾಗಿ ಊರಿನ ಬಲೆಗಳು ಗೂಟದ ಮೇಲೆಯೇ ಒಣಗುತ್ತಿದ್ದವು.

ಕಾನೂನು ಕೆಟ್ಟ ಉದ್ದೇಶದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ದೂರದ ಒಂದು ನದಿಗೆ ಪಾಳುಬಿದ್ದ ಗಣಿಯಿಂದ ಆಮ್ಲ ಬೆರೆತ ಹುಳಿನೀರು ನುಗ್ಗಿ, ದಂಡೆಯುದ್ದಕ್ಕೂ ಮೀನುಗಳು ಸತ್ತು ತೇಲಿದ್ದವು. ಕೊಂದದ್ದು ಅಲ್ಯೂಮಿನಿಯಂ ಎಂದು ಗೊತ್ತಾದಾಗ ಜನ ಬೆಚ್ಚಿಬಿದ್ದರು. ಅಡುಗೆ ಪಾತ್ರೆಯ ಲೋಹ ಮೀನಿನ ಉಸಿರು ಕಟ್ಟಿಸಬಲ್ಲದು ಎಂದು ಯಾರೂ ಎಣಿಸಿರಲಿಲ್ಲ. ತರಾತುರಿಯಲ್ಲಿ ಎಲ್ಲ ನದಿಗಳಿಗೂ ಒಂದೇ ಮಿತಿ ಗೊತ್ತುಮಾಡಿ, ದಂಡೆಗಳಲ್ಲಿ ಕಂಬ ನೆಟ್ಟರು. ಕಂಬ ನೀರನ್ನು ಹೀರಿ, ಕಟುವಾದ ಆಮ್ಲದಲ್ಲಿ ಕುದಿಸಿ, ಅದರಲ್ಲಿರುವ ಅಲ್ಯೂಮಿನಿಯಂ ಅನ್ನೆಲ್ಲ ಅಳೆಯುತ್ತಿತ್ತು. ಮಿತಿ ದಾಟಿದರೆ ಬೀಗ.

ಹೊಳೆಬಸರಿಯ ಹಳೆಯ ಪ್ರವಾಸಿ ಮಂದಿರದಲ್ಲಿದ್ದ ನದಿ ಕಾವಲು ಕೊಠಡಿಯಲ್ಲಿ ಈ ಅಳತೆಗಳನ್ನು ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಿಣಿ ಬಾರಕೇರ. ರಸಾಯನಶಾಸ್ತ್ರ ಓದಿದವಳು, ಆ ಊರಿನ ಅಂಬಿಗರ ಮನೆಯ ಸೊಸೆ. ಗಂಡ ಪರಸಪ್ಪ ಬಸ್ ನಿಲ್ದಾಣದ ಎದುರು ಮೀನಿನ ಖಾನಾವಳಿ ಇಟ್ಟಿದ್ದ. ಹೊಳೆಗೆ ಬೀಗ ಬಿದ್ದರೆ ಖಾನಾವಳಿಯಲ್ಲಿ ರೊಟ್ಟಿ, ಮೊಟ್ಟೆಪಲ್ಯ ಅಷ್ಟೇ. ಬೀಗ ಹಾಕುವ ಕೊಠಡಿಯಲ್ಲಿ ಕೂತವಳು ಮಾಲೀಕನ ಹೆಂಡತಿಯೇ ಎಂಬುದು ಊಟಕ್ಕೆ ಬಂದವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಅವಳು ಒಳಗೆ ಬಂದಾಗ ಮಾತು ನಿಲ್ಲುತ್ತಿತ್ತು.

ಆ ವರ್ಷ ದೀಪ ಕೆಂಪಾದ ದಿನ ಅವಳು ಮನೆಗೆ ಬಂದಾಗ ಅತ್ತೆ ಕಾಶವ್ವ ಕೊಡದಲ್ಲಿ ಪಟಿಕದ ತುಂಡು ಆಡಿಸುತ್ತಿದ್ದಳು. ನಳದಲ್ಲಿ ನೀರು ಬಂದಿರಲಿಲ್ಲ. ಹೊಳೆಯ ಕೆಂಪು ನೀರನ್ನೇ ತಂದು ತಿಳಿ ಮಾಡುತ್ತಿದ್ದಳು. ಕೊಡದೊಳಗೆ ಕೆಸರು ಹತ್ತಿಯಂತೆ ಗುಂಪುಗೂಡಿ ತಳಕ್ಕಿಳಿಯುತ್ತಿತ್ತು.

“ಟಿವಿಯಾಗ ಹೇಳಿದ್ರು, ಪಟಿಕದಾಗೂ ಅದ ಅಲ್ಯೂಮಿನಿಯಂ ಐತೆಂತ,” ಅಂದಳು ಕಾಶವ್ವ. “ಹಂಗಾದ್ರ ನಾ ಇಷ್ಟು ವರ್ಷ ನಿಮಗೆಲ್ಲ ವಿಷ ಕುಡಿಸೇನೇನು?”

“ಇಲ್ಲ ಬಿಡ್ರಿ ಅತ್ತಿ. ನಮ್ಮ ಹೊಟ್ಟೀಗೆ ಹೋದದ್ದು ಹಂಗ ಹೊರಗ ಹೋಗತೈತಿ. ಮೀನಿಗೆ ಹೊಟ್ಟಿದಲ್ಲ, ಕಿವಿರಿನ ತ್ರಾಸು. ಅಲ್ಲೇ ಅಂಟ್ಕೊಂಡು ಕೂಡತೈತಿ.”

“ಮತ್ತ ಹೊಳ್ಯಾಗ ಮೀನ ಸತ್ತಿಲ್ಲಲ್ಲ?”

ದಾಕ್ಷಾಯಿಣಿ ಚಪ್ಪಲಿ ಬಿಡುತ್ತ, “ಅದನ್ನ ಹುಡಕಾಕತ್ತೇವಿ,” ಅಂದಳು.

ಹುಡುಕುತ್ತಿದ್ದದ್ದು ನಿಜ. ಪ್ರವಾಸಿ ಮಂದಿರದ ಹಿಂದಿನ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಇಲಿಯಾಸ್ ಬಾಗವಾನ ಎಂಬ ಜೀವವಿಜ್ಞಾನಿ ಮತ್ತು ಅವಳು ಎರಡು ವರ್ಷದಿಂದ ಒಂದು ಉಪಕರಣ ಕಟ್ಟುತ್ತಿದ್ದರು. ಅದರ ಹೃದಯವೆಂದರೆ ಒಂದು ಪೊರೆ. ರೋಹು ಮೀನಿನ ಕಿವಿರಿನಿಂದ ತೆಗೆದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಬೆಳೆಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾಗಿ ಹರಡಿದ ಜೀವಂತ ಪೊರೆ. ಅದರ ಒಂದು ಮಗ್ಗುಲಿಗೆ ಹೊಳೆಯ ನೀರು ಹರಿಯುತ್ತಿತ್ತು. ಇನ್ನೊಂದು ಮಗ್ಗುಲಿಗೆ ಮೀನಿನ ರಕ್ತದಷ್ಟೇ ಉಪ್ಪಾದ ದ್ರವ. ನಡುವೆ ಸಣ್ಣದೊಂದು ವಿದ್ಯುತ್ತು. ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಗಟ್ಟಿಯಾಗಿದ್ದರೆ ವಿದ್ಯುತ್ತು ದಾಟುವುದು ಕಷ್ಟ. ಪರದೆಯ ಮೇಲೆ ‘ತಡೆ’ಯ ಅಂಕಿ ಮೇಲೆ ನಿಲ್ಲುತ್ತಿತ್ತು. ಅಲ್ಯೂಮಿನಿಯಂ ಅಂಟಿಕೊಂಡು ಕೋಶಗಳ ಬೆಸುಗೆ ಸಡಿಲಾದರೆ ಉಪ್ಪು ಸೋರುತ್ತಿತ್ತು, ಅಂಕಿ ಕುಸಿಯುತ್ತಿತ್ತು. ನಿಜವಾದ ಮೀನಿಗೆ ಆಗುವುದೂ ಅದೇ. ನೀರಿನಲ್ಲಿ ಎಷ್ಟು ಲೋಹವಿದೆ ಎಂದು ಕಂಬ ಹೇಳುತ್ತಿತ್ತು. ಆ ನೀರಿನಲ್ಲಿ ಮೀನು ಉಸಿರಾಡಬಹುದೇ ಎಂದು ಪೊರೆ ಹೇಳಬೇಕಿತ್ತು.

ಕೆಂಪು ನೀರನ್ನು ವಾರಗಟ್ಟಲೆ ಹರಿಸಿದರೂ ಅಂಕಿ ಕದಲಲಿಲ್ಲ.

“ಮಣ್ಣಿನ ಕಣದಾಗ ಅಲ್ಯೂಮಿನಿಯಂ ಗಟ್ಟಿ ಕುಂತೈತಿ ಅಕ್ಕಾ,” ಅಂದ ಇಲಿಯಾಸ್. “ಕಂಬ ಆ ಕಣಾನ ಆಸಿಡ್‌ನಾಗ ಕುದಿಸಿ ಬಿಡಿಸತೈತಿ. ಮೀನು ಕುದಿಸಂಗಿಲ್ಲಲ್ಲ.”

ದಾಕ್ಷಾಯಿಣಿ ವರದಿ ಬರೆದು ಬೆಳಗಾವಿಗೆ ಕಳಿಸಿದಳು. ವಲಯ ಅಧಿಕಾರಿ ಕಟ್ಟಿಮನಿಯವರು ತಾವೇ ಬಂದರು. ನಿವೃತ್ತಿ ಹತ್ತಿರವಾಗಿದ್ದ, ಮಾತು ಕಡಿಮೆ ಆಡುವ ಮನುಷ್ಯ. ಪೊರೆಯನ್ನು ಕನ್ನಡಕ ಮೇಲೆತ್ತಿ ನೋಡಿದರು, ಅಂಕಿಗಳನ್ನು ನೋಡಿದರು, ಚಹಾ ಕುಡಿದರು.

“ಪೊರಿ ಸತ್ತಿಲ್ಲ, ಅದಕ್ಕ ನೀರು ಚಲೋ ಐತಿ ಅಂತೀರಿ. ಯಾವ ನೀರಿಗೂ ಸಾಯದ ಪೊರಿ ಇದ್ರ? ಕೆಟ್ಟ ನೀರನ್ನ ಅದು ಕೆಟ್ಟದ್ದು ಅಂದದ್ದು ತೋರಸ್ರಿ.”

“ಇಲ್ಲೇ ವಿಷ ಕಲಸಿ ತೋರಿಸೇವಿ ಸರ್, ವರದಿಯೊಳಗ ಐತಿ.”

“ನೀವ ಕಲಸಿದ ವಿಷ ಬ್ಯಾಡ. ಹೊಳ್ಯಾಗಿಂದ ಬೇಕು. ನಾ ಬೀಗ ತೆಗೆದು ನಾಳೆ ಮೀನ ತೇಲಿದ್ರ, ಈ ಊರಿನ ಮಂದೀಗೆ ಯಾರು ಉತ್ತರ ಕೊಡೋರು? ನೀವೋ ನಾನೋ?”

ದಾಕ್ಷಾಯಿಣಿಗೆ ಸಿಟ್ಟು ಬಂತು. ಆದರೆ ಅವರು ಹೋದ ಮೇಲೆ ಯೋಚಿಸಿದಾಗ, ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. ಒಳ್ಳೆಯ ನೀರು, ಕೆಟ್ಟ ನೀರು ಎರಡನ್ನೂ ಬೇರೆ ಮಾಡಿ ತೋರಿಸದ ಹೊರತು ಪೊರೆಯನ್ನು ಯಾರೂ ನಂಬಬೇಕಾಗಿರಲಿಲ್ಲ. ಹೊಳೆಯ ಬೇರೆ ಬೇರೆ ಜಾಗಗಳಲ್ಲಿ ಅಳೆಯುವುದೆಂದು ಇಬ್ಬರೂ ತೀರ್ಮಾನಿಸಿದರು. ಮೊದಲು ಒಳ್ಳೆಯ ನೀರೆಂದು ಎಲ್ಲರೂ ಒಪ್ಪಿದ ಜಾಗ.

ಅಂಥ ಜಾಗ ಒಂದಿತ್ತು. ಊರಿನ ಮೇಲ್ಬದಿಗೆ, ಕಲ್ಲುಗುಡ್ಡದ ಒರತೆಯಿಂದ ಹುಟ್ಟಿ ಹೊಳೆಗೆ ಸೇರುವ ಹಳ್ಳ. ಮಳೆಗಾಲದಲ್ಲೂ ತಳದ ಕಲ್ಲು ಕಾಣುವಷ್ಟು ತಿಳಿ. ಅದರ ಬಾಯಲ್ಲಿದ್ದ ಕಂಬದ ದೀಪ ಸದಾ ಹಸಿರು. ಹೊಳೆಗೆ ಬೀಗ ಬಿದ್ದಾಗ ಮಹಿಳಾ ಸಂಘದವರು ತಮ್ಮ ಮೀನುಮರಿ ಪಂಜರಗಳನ್ನು ಹಿನ್ನೀರಿನಿಂದ ಎಳೆದು ತಂದು ಅಲ್ಲಿ ಕಟ್ಟಬೇಕೆಂದು ಇಲಾಖೆಯೇ ಅಪ್ಪಣೆ ಮಾಡಿತ್ತು. ಈ ಸಲ ಕೆಂಪು ನೀರು ಹಿನ್ನೀರಿಗೆ ಹಬ್ಬಿದ್ದು ತಡವಾದ್ದರಿಂದ, ಪಂಜರಗಳು ಅಲ್ಲಿಗೆ ಬಂದು ಎರಡೇ ದಿನವಾಗಿತ್ತು. ಹತ್ತಾರು ಹೆಂಗಸರು ಸೇರಿ ಸಾಕಿದ ಕಾಟ್ಲಾ, ರೋಹು ಮರಿಗಳು. ಬೆರಳುದ್ದ ಬೆಳೆದು ಮಾರಾಟಕ್ಕೆ ಬರುವುದರಲ್ಲಿದ್ದವು. ಸಂಘದ ಹಿರಿಯಳು ತುಳಸವ್ವ. ಗಂಡ ಹೊಳೆಗೆ ಹೋದವನು ತಿರುಗಿ ಬಾರದೆ, ಬಲೆ ಬಿಟ್ಟು ಮರಿ ಸಾಕಲು ನಿಂತವಳು. ಊರಿನ ಹೆಂಗಸರನ್ನು ಆ ಕೆಲಸಕ್ಕೆ ಎಳೆದವಳೂ ಅವಳೇ.

ಮಧ್ಯಾಹ್ನದ ಹೊತ್ತಿಗೆ ದಾಕ್ಷಾಯಿಣಿ ಮತ್ತು ಇಲಿಯಾಸ್ ಉಪಕರಣ ಹೊತ್ತು ಹಳ್ಳಕ್ಕೆ ಬಂದರು. ನೀರು ಹೀರುವ ಕೊಳವೆ ಇಳಿಸಿ ಬಂಡೆಯ ಮೇಲೆ ಕೂತರು. ಇಲಿಯಾಸ್ ತಂದಿದ್ದ ಶೇಂಗಾ ಸುಲಿಯುತ್ತಿದ್ದ.

ಅಂಕಿ ಇಳಿಯತೊಡಗಿತು.

“ಪೊರಿ ಹಾಳಾಗೇತೇನೋ,” ಅಂದಳು ದಾಕ್ಷಾಯಿಣಿ. ಬೇರೆ ಪೊರೆ ಕೂಡಿಸಿದರು. ಅದೂ ಮೊದಲು ಸ್ವಲ್ಪ ಹೊತ್ತು ನಿಂತು, ಆಮೇಲೆ ಜಾರಿತು. ಮೂರನೆಯದಕ್ಕೆ ಮೊದಲು ಹೊಳೆಯ ಕೆಂಪು ನೀರು ಹರಿಸಿದರು, ಗಟ್ಟಿಯಾಗಿ ನಿಂತಿತು. ಹಳ್ಳದ ನೀರಿಗೆ ಬದಲಿಸಿದರು, ಕುಸಿಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಲಿಯಾಸ್ ಕೈಯಲ್ಲಿದ್ದ ಸಿಪ್ಪೆ ಬಿಸಾಕಿ ಎದ್ದು, ಕಾಗದದ ಪಟ್ಟಿಯೊಂದನ್ನು ನೀರಿಗೆ ಅದ್ದಿದ. ಪಟ್ಟಿಯ ಬಣ್ಣ ಹುಳಿಯ ಕಡೆ ವಾಲಿತು.

ದಾಕ್ಷಾಯಿಣಿ ಹಳ್ಳದ ಗುಂಟ ಮೇಲಕ್ಕೆ ನಡೆದಳು. ತಿರುವಿನಾಚೆ ಪಟ್ಟಣಕ್ಕೆ ನೀರು ಶುದ್ಧ ಮಾಡಿ ಕಳಿಸುವ ಹೊಸ ಘಟಕದ ಗೋಡೆ. ಗೋಡೆಯ ಬುಡದ ಕೊಳವೆಯಿಂದ ತೊಟ್ಟಿ ತೊಳೆದ ನೀರು ಹಳ್ಳಕ್ಕೆ ಬೀಳುತ್ತಿತ್ತು. ಬೀಳುವ ಕಡೆ ಬೆಳ್ಳಗೆ ಹತ್ತಿಯಂಥ ಎಳೆಗಳು ತೇಲಿ, ಕೆಳಗೆ ಬರಬರುತ್ತ ಕಣ್ಣಿಗೆ ಕಾಣದಂತಾಗುತ್ತಿದ್ದವು. ಅತ್ತೆಯ ಕೊಡದೊಳಗೆ ಕಂಡಿದ್ದ ಎಳೆಗಳೇ. ಹೊಳೆ ಕೆಂಪಾದಷ್ಟೂ ಘಟಕದಲ್ಲಿ ಪಟಿಕ ಹೆಚ್ಚು ಸುರಿಯುತ್ತಿದ್ದರು. ಕುಡಿಯುವ ನೀರು ತಿಳಿಯಾಗಿ ಪಟ್ಟಣಕ್ಕೆ ಹೋಗುತ್ತಿತ್ತು. ಹೆಚ್ಚಾದ ಪಟಿಕ ಹುಳಿಯೊಂದಿಗೆ ಹಳ್ಳಕ್ಕೆ ಬರುತ್ತಿತ್ತು. ಹಳ್ಳದ ನೀರೋ ತೀರ ಮೆದು, ಹುಳಿಯನ್ನು ತಡೆದುಕೊಳ್ಳುವ ಸುಣ್ಣ ಅದರಲ್ಲಿಲ್ಲ. ಕಂಬದ ಲೆಕ್ಕಕ್ಕೆ ಇದು ಮಿತಿಯೊಳಗಿನ ಅಲ್ಯೂಮಿನಿಯಂ. ಆದರೆ ಇದರಲ್ಲಿ ಮಣ್ಣಿಗೆ ಅಂಟಿದ್ದು ಏನೂ ಇಲ್ಲ. ಎಲ್ಲವೂ ಅಂಟಿಕೊಳ್ಳಲು ಕಿವಿರನ್ನೇ ಹುಡುಕುತ್ತಿತ್ತು.

ಅವಳು ಅಲ್ಲಿಂದಲೇ ಕಟ್ಟಿಮನಿಯವರಿಗೆ ಫೋನು ಮಾಡಿದಳು.

“ಘಟಕದವರಿಗೆ ಈಗ ಹೇಳ್ತೀನಿ,” ಅಂದರು ಅವರು, ಎಲ್ಲ ಕೇಳಿದ ಮೇಲೆ. “ಆದರ ತೊಟ್ಟಿಯೊಳಗಿಂದು ಖಾಲಿ ಆಗೂತನಕ ಬರತೈತಿ. ಸಂಜೀತನಕ ಹಿಡೀತೈತಿ. ಮರಿ ತಡಕೋತಾವೇನು?”

“ಗೊತ್ತಿಲ್ಲ ಸರ್. ಮೊನ್ನೆಯಿಂದ ಇಲ್ಲೇ ಅದಾವ. ಹೊಳಿಗೆ ಎಳಕೊಂಡು ಹೋಗಬೇಕು.”

“ಕೆಂಪು ದೀಪದ ನೀರಿಗೆ?” ಎಂದು ಕೇಳಿದರು ಅವರು. “ಪಂಜರ ಹಾಕಾಕ ನಾ ಅನುಮತಿ ಕೊಡಾಕ ಬರಂಗಿಲ್ಲ. ಪ್ರಯೋಗಕ್ಕ ಕೊಡಾಕ ಬರತೈತಿ. ಪ್ರಯೋಗ ಅಂತ ಬರಕೊಳ್ರಿ, ನನ್ನ ಹೆಸರು ಹಾಕ್ರಿ. ನಾ ಹೊಂಟೆ.”

ತುಳಸವ್ವ ಪಂಜರಗಳ ಬಳಿ ದಂಡೆಯ ಮೇಲೆ ಕೂತು ಹರಿದ ಜಾಳಿಗೆ ಹೊಲಿಯುತ್ತಿದ್ದಳು. ದಾಕ್ಷಾಯಿಣಿ ಹೇಳಿದ್ದನ್ನು ಕೇಳಿ ಸೂಜಿ ನಿಲ್ಲಿಸಲೂ ಇಲ್ಲ.

“ಪ್ರಯೋಗಕ್ಕ ನಮ್ಮ ಮರಿನ ಸಿಕ್ಕುವೇನ್ರಿ ಬಾಯಾರ? ಅಲ್ನೋಡ್ರಿ, ಹಸರು ದೀಪ. ನೀವ ಹಾಕಿದ ದೀಪ. ಇಲ್ಲಿಗೆ ತಂದು ಕಟ್ರಿ ಅಂದೋರೂ ನೀವ.”

“ಹೌದ್ರಿ, ನಾವ. ದೀಪಕ್ಕ ಇದು ತಿಳಿಯಂಗಿಲ್ಲ.”

“ನಿನ್ನೆತನಕ ತಿಳೀತಿತ್ತು?”

ದಾಕ್ಷಾಯಿಣಿ ಪಂಜರದೊಳಗೆ ಕೈಹಾಕಿ ಒಂದು ಮರಿಯನ್ನು ಹಿಡಿದು, ಕಿವಿರಿನ ಮುಚ್ಚಳ ಉಗುರಿನಿಂದ ಎತ್ತಿ ತೋರಿಸಿದಳು. ಕೆಂಪಗಿರಬೇಕಾದ ಎಳೆಗಳ ಮೇಲೆ ಬೂದು ಲೋಳೆ ಕೂತಿತ್ತು. ತುಳಸವ್ವ ಈಗ ಸೂಜಿ ಕೆಳಗಿಟ್ಟಳು. ತಾನೇ ಇನ್ನೊಂದು ಮರಿ ಹಿಡಿದು ನೋಡಿದಳು, ಮತ್ತೊಂದು ಹಿಡಿದಳು. ನೀರಿನ ಮೇಲ್ಮೈಯಲ್ಲಿ ಕೆಲವು ಮರಿಗಳು ಬಾಯಿ ಮೇಲೆತ್ತಿ ಗಾಳಿ ಗುಟುಕಿಸುತ್ತಿದ್ದವು. ಬೆಳಿಗ್ಗೆಯಿಂದ ಅವಳು ಅದನ್ನು ಹಸಿವು ಎಂದುಕೊಂಡಿದ್ದಳು.

“ಕೆನ್ನೀರಾಗ ದೊಡ್ಡ ಮೀನ ಬದುಕತಾವ,” ಅಂದಳು ನಿಧಾನವಾಗಿ. “ಮರಿ ಬದುಕತಾವು ಅಂತ ಹೇಳಾಕ ಬರಂಗಿಲ್ಲ. ರಾಡಿ ಮೂಗಿಗೆ ತುಂಬತೈತಿ. ನಿಮ್ಮ ಮಶೀನ ರಾಡೀದೂ ಹೇಳತೈತೇನು?”

ಇಲಿಯಾಸ್ ಏನೋ ಹೇಳಲು ಹೋದ. ದಾಕ್ಷಾಯಿಣಿ ತಡೆದಳು.

“ಇಲ್ರಿ. ಅದು ಅಲ್ಯೂಮಿನಿಯಂದು ಅಷ್ಟ ಹೇಳತೈತಿ. ರಾಡೀದು ನನಗೂ ಗೊತ್ತಿಲ್ಲ. ಇಲ್ಲೇ ಬಿಟ್ರ ಸಾಯತಾವು, ಅದು ಗೊತ್ತೈತಿ.”

ತುಳಸವ್ವ ಹೊಳೆಯ ಕಡೆ ನೋಡಿದಳು. ನೋಡುತ್ತಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ನಡುಗಡ್ಡೀ ಹಿಂದ ಸೆಳವು ಕಡಿಮಿ. ರಾಡಿ ಅಲ್ಲಿ ತಳಕ್ಕ ಇಳೀತಿರತೈತಿ. ಅಲ್ಲಿಗೆ ಒಯ್ಯೂಣು. ಒಂದು ಪಂಜರ ಮಾತ್ರ ಇಲ್ಲೇ ಇರಲಿ. ನೀವು ತಪ್ಪಿದ್ರ ಒಂದರ ಉಳೀಲಿ.”

ಮೋಟಾರುಗಳಿಗೆ ಬೀಗ ಬಿದ್ದಿದ್ದರಿಂದ ಕೈಯಿಂದಲೇ ಎಳೆಯಬೇಕಿತ್ತು. ಸುದ್ದಿ ತಿಳಿದು ಪರಸಪ್ಪ ಖಾನಾವಳಿಯ ಬಾಗಿಲು ಮುಚ್ಚಿ, ಊಟಕ್ಕೆ ಕೂತವರನ್ನೂ ಎಬ್ಬಿಸಿಕೊಂಡು ಬಂದ. ಹರಿಗೋಲುಗಳಿಗೆ ಹಗ್ಗ ಬಿಗಿದು, ಹೆಂಗಸರು ಎದೆಮಟ್ಟದ ನೀರಿನಲ್ಲಿ ಪಂಜರಗಳನ್ನು ಹಿಂದಿನಿಂದ ತಳ್ಳಿದರು. ಹಳ್ಳ ಹೊಳೆಯನ್ನು ಸೇರುವ ಕಡೆ ತಿಳಿ ನೀರಿಗೂ ಕೆಂಪು ನೀರಿಗೂ ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಮೊದಲ ಪಂಜರ ಆ ಗೆರೆ ದಾಟಿದಾಗ ಅಷ್ಟೂ ಮರಿಗಳು ಒಮ್ಮೆಲೇ ಕಣ್ಣಿಂದ ಮರೆಯಾದವು. ತಳ್ಳುತ್ತಿದ್ದವರು ಒಂದು ಕ್ಷಣ ನಿಂತರು.

“ನಿಲ್ಲಬ್ಯಾಡ್ರಿ, ನಡೀರಿ,” ಅಂದಳು ತುಳಸವ್ವ.

ದಾಕ್ಷಾಯಿಣಿ ನೀರಿನಲ್ಲಿ ನಿಂತು ಹಗ್ಗ ಹಿಡಿದಿದ್ದಳು. ಪಕ್ಕದಲ್ಲಿದ್ದ ಪರಸಪ್ಪ ಮೆಲ್ಲಗೆ ಕೇಳಿದ, “ಖಾತ್ರಿ ಐತೇನು?”

“ಪೊರಿ ಬಗ್ಗೆ ಐತ್ರಿ.”

ಅವನು ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಭುಜಕ್ಕೆ ಹಾಕಿಕೊಂಡ.

ಹೊತ್ತು ಮುಳುಗುವ ಮೊದಲು ಪಂಜರಗಳೆಲ್ಲ ನಡುಗಡ್ಡೆಯ ಹಿಂದೆ ಸೇರಿದವು. ಅಷ್ಟರಲ್ಲಿ ಹಳ್ಳದಲ್ಲಿ ಉಳಿದ ಒಂದು ಪಂಜರದ ಮರಿಗಳು ಹೊಟ್ಟೆ ಮೇಲಾಗಿ ತೇಲತೊಡಗಿದ್ದವು. ತುಳಸವ್ವ ದಂಡೆಯಲ್ಲಿ ಕೂತು ಅವನ್ನು ನೋಡಿದಳು. ಆಗ ತಾನೇ ಬಂದಿಳಿದ ಕಟ್ಟಿಮನಿಯವರು ಬೂಟು ಕಳಚಿ, ಪ್ಯಾಂಟು ಮಡಚಿ ಹಳ್ಳಕ್ಕಿಳಿದು ಸತ್ತ ಮರಿಯೊಂದನ್ನು ಎತ್ತಿಕೊಂಡರು. ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು.

“ಕೆಟ್ಟ ನೀರು ತೋರಸ್ರಿ ಅಂದಿದ್ದೆ,” ಅಂದರು ದಾಕ್ಷಾಯಿಣಿಗೆ. “ಹಿಂಗ ತೋರಸ್ತೀರಿ ಅಂದ್ಕೊಂಡಿರಲಿಲ್ಲ.”

ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕಾಶವ್ವ ಸೊಸೆಯ ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಗೆ ತಾನೇ ಮೊಸರು ಹಚ್ಚಿ, ಚೂರು ಚೂರು ಮಾಡಿ, “ಉಣ್ಣು. ಅವು ಬದುಕಿದ್ರೂ ಮುಂಜಾನೆ ನೀ ಹೋಗಬೇಕು, ಸತ್ತಿದ್ರೂ ಹೋಗಬೇಕು,” ಅಂದಳು. ದಾಕ್ಷಾಯಿಣಿ ಉಂಡಳು.

ಬೆಳಗಾದಾಗ ಅವಳು ಹೋಗುವಷ್ಟರಲ್ಲಿ ನಡುಗಡ್ಡೆಯ ಮೇಲೆ ಅರ್ಧ ಊರೇ ನೆರೆದಿತ್ತು. ಎದುರಿಗೆ ಪಂಜರಗಳ ಚೌಕಟ್ಟುಗಳು ಅಲುಗದೆ ನಿಂತಿದ್ದವು. ಒಳಗಿನ ನೀರು ಕಾವಿಯಂತೆ ಕೆಂಪು, ಒಂದು ಗೇಣು ಆಳವೂ ಕಾಣದು. ಒಂದು ಮರಿಯೂ ತೇಲಿರಲಿಲ್ಲ. ಆದರೆ ಅದರಿಂದ ಯಾರಿಗೂ ಸಮಾಧಾನವಾಗಿರಲಿಲ್ಲ. ರಾಡಿ ತುಂಬಿ ಸತ್ತ ಮರಿ ತಳ ಹಿಡಿಯುವುದೂ ಉಂಟು ಎಂದು ಯಾರೋ ಅಂದದ್ದು ಎಲ್ಲರ ಕಿವಿಯಲ್ಲಿತ್ತು.

“ಜಾಳಿಗಿ ಎತ್ತಿ ನೋಡೂಣೇನು?” ಎಂದು ಕೇಳಿದರು ಕಟ್ಟಿಮನಿ. ಅವರು ರಾತ್ರಿ ಪ್ರವಾಸಿ ಮಂದಿರದಲ್ಲೇ ಉಳಿದಿದ್ದರು.

“ಬ್ಯಾಡ್ರಿ ಸಾಹೇಬ್ರ. ನಿನ್ನೆ ದಣಿದಾವು, ಈಗ ಎತ್ತಿದ್ರ ಬೆದರತಾವು,” ಅಂದಳು ತುಳಸವ್ವ. “ಹಸದಿದ್ರ ತಾವ ಬರತಾವು.”

ಅವಳು ಶೇಂಗಾ ಹಿಂಡಿಯ ಪುಡಿ ಒಂದು ಮುಷ್ಟಿ ತೆಗೆದುಕೊಂಡು ಮೊದಲ ಪಂಜರದ ಮೇಲೆ ಎರಚಿದಳು. ಪುಡಿ ಕೆಂಪು ನೀರಿನ ಮೇಲೆ ಹಳದಿಯಾಗಿ ಹರಡಿತು. ಹಾಗೇ ತೇಲುತ್ತ ನಿಂತಿತು. ಗಾಳಿಗೆ ಒಂದು ಮಗ್ಗುಲಿಗೆ ಸರಿಯಿತು. ಇಲಿಯಾಸ್ ದಾಕ್ಷಾಯಿಣಿಯ ಮುಖ ನೋಡಿ ಬೇರೆ ಕಡೆ ತಿರುಗಿದ. ಪೊರೆ ಹೇಳದೇ ಹೋದದ್ದು ಎಷ್ಟೋ ಇರಬಹುದೆಂದು ಆಗ ಹೊಳೆದಷ್ಟು ಸ್ಪಷ್ಟವಾಗಿ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಪುಡಿಯ ನಡುವೆ ಒಂದು ಸಣ್ಣ ಉಂಗುರ ಎದ್ದಿತು.

ಮಳೆಹನಿ ಇರಬಹುದೆಂದು ಕೆಲವರು ಮೇಲೆ ನೋಡಿದರು. ಆಕಾಶ ಖಾಲಿಯಿತ್ತು. ಇನ್ನೊಂದು ಉಂಗುರ ಎದ್ದಿತು, ಅದರ ಪಕ್ಕಕ್ಕೆ ಮತ್ತೊಂದು. ಆಮೇಲೆ ನೀರು ಒಮ್ಮೆಲೇ ಕುದಿಯತೊಡಗಿತು. ಕೆಂಪು ನೀರಿನಿಂದ ಸಾವಿರ ಸಣ್ಣ ಬಾಯಿಗಳು ಎದ್ದು, ಪುಡಿ ಇದ್ದ ಕಡೆ ಬರೀ ನೊರೆ ಉಳಿಯಿತು. ಚಿಮ್ಮಿದ ನೀರು ತುಳಸವ್ವನ ಮುಖಕ್ಕೆ ಬಿತ್ತು. ಅವಳು ಒರೆಸಿಕೊಳ್ಳದೆ ಎರಡನೆಯ ಪಂಜರಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಎಲ್ಲ ಕಡೆಯೂ ನೀರು ಕುದಿಯಿತು. ಕೊನೆಯ ಪಂಜರ ಮುಗಿದ ಮೇಲೆ ಅವಳು ಅಲ್ಲೇ ಮಣ್ಣಿನ ಮೇಲೆ ಕೂತು, ದಾಕ್ಷಾಯಿಣಿಯ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

“ಬಾಯಾರ, ರಾತ್ರಿ ನಿದ್ದಿ ಮಾಡಿದ್ರೇನು?”

“ಇಲ್ರಿ.”

“ನಾನೂ ಇಲ್ಲ. ಈಗ ಮಲಗಬೇಕು ಅನಸಾಕತ್ತೇತಿ ನೋಡ್ರಿ.”

ಇಬ್ಬರಿಗೂ ನಗು ಬಂತು. ನಗು ಬೇಗ ನಿಲ್ಲಲಿಲ್ಲ.

ಕಟ್ಟಿಮನಿಯವರು ಸ್ವಲ್ಪ ದೂರ ಹೋಗಿ ಬೆಳಗಾವಿಗೂ ಅಲ್ಲಿಂದ ಮೇಲಿನವರಿಗೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಒಂದೆರಡು ಸಲ ದನಿ ಏರಿದ್ದು ಈಚೆಗೂ ಕೇಳಿಸಿತು. ತಿರುಗಿ ಬಂದಾಗ ಸುತ್ತುಬಳಸಿ ಮಾತಾಡಲಿಲ್ಲ. ಹಳ್ಳದ ಕೊಳವೆ ಅಂದಿನಿಂದ ಬಂದ್. ಘಟಕದವರು ತೊಳೆದ ನೀರನ್ನು ಬೇರೆ ಹೊಂಡದಲ್ಲಿ ತಂಗಿಸಿ, ಸುಣ್ಣ ಹಾಕಿ ಹುಳಿ ಮುರಿದು ಬಿಡಬೇಕು. ಸತ್ತ ಮರಿಗಳಿಗೆ ಅವರೇ ಪರಿಹಾರ ಕೊಡಬೇಕು. ಕಾವಲು ಕಂಬದಲ್ಲಿ ಪೊರೆ ಕೂಡಿಸಬೇಕು. ಮಳೆಗಾಲ ಮುಗಿಯುವವರೆಗೆ ಈ ಹೊಳೆಗೆ ಅದರ ಮಾತೇ ಮಾತು. ಆಮೇಲಿನದನ್ನು ತಜ್ಞರು ಕೂತು ನೋಡುತ್ತಾರೆ.

“ಅಂದ್ರ ಬೀಗ?” ಎಂದ ಪರಸಪ್ಪ.

ಅವರು ಉತ್ತರ ಕೊಡುವ ಮೊದಲೇ ಆಚೆ ದಂಡೆಯಲ್ಲಿ ಕಟ್ಟಿದ್ದ ದೋಣಿಯೊಂದರ ಮೋಟಾರು ‘ಟಿಣ್’ ಎಂದಿತು. ಸಾಲಿನಲ್ಲಿದ್ದ ಮುಂದಿನದೂ ಅಂದಿತು. ದಂಡೆಯುದ್ದಕ್ಕೂ ಒಂದಾದ ಮೇಲೊಂದು ಮೋಟಾರುಗಳ ಬೀಗ ಬಿಚ್ಚಿಕೊಳ್ಳುವ ಸದ್ದು ಕೇಳುತ್ತ ಹೋಯಿತು. ಗಂಡಸರು ಎದ್ದು ನಿಂತರು. ಆದರೆ ಯಾರೂ ಓಡಲಿಲ್ಲ.

ಕಟ್ಟಿಮನಿಯವರು ಮಾತ್ರ ಆ ಕಡೆ ತಿರುಗಿ ನೋಡಲಿಲ್ಲ. ಅವರು ಪಂಜರದ ಅಂಚಿಗೆ ಬಗ್ಗಿ, ಮತ್ತೆ ಶಾಂತವಾಗಿದ್ದ ಕೆಂಪು ನೀರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಸಂಕೋಚದಿಂದ, ಹಿಂಡಿಯ ಬುಟ್ಟಿಯ ಕಡೆ ಕೈ ತೋರಿಸಿ ತುಳಸವ್ವನಿಗೆ ಅಂದರು:

“ಇನ್ನೊಂದು ಮುಷ್ಟಿ ಹಾಕ್ರಿ. ನೋಡೂಣು.”